ಮನೆ ಹಿಂದಿನ ಧರೆ ಜರಿಯುತ್ತಿದೆ: ಗೋಡೆ ಕಟ್ಟಿಸುವುದಾ, ಲಾವಂಚ ಹಾಕುವುದಾ?

ತೀರ್ಥಹಳ್ಳಿ ಕಡೆಯವರ ಪ್ರಶ್ನೆ: ಗುಡ್ಡ ಕಡಿದು ಮನೆ ಕಟ್ಟಿದ್ದೇವೆ. ಹಿಂದೆ ಹದಿನೈದು ಅಡಿ ಧರೆ (ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಮುಖ), ಜೆಸಿಬಿಯಲ್ಲಿ ನೆಟ್ಟಗೆ ಕಡಿದದ್ದು. ಹೋದ ಮಳೆಗಾಲ ಒಂದು ಮೂಲೆ ಜರಿದು ಬಚ್ಚಲು ಗೋಡೆವರೆಗೂ ಮಣ್ಣು ಬಂತು. ಕಾಂಕ್ರೀಟ್ ಗೋಡೆ ಒಳ್ಳೆಯದಾ, ಲಾವಂಚ ಸಾಕಾ? ಅನುಭವ ಇದ್ದವರು ಹೇಳಿ.

ಹೊಸನಗರದಿಂದ: ಎರಡೂ ಆಮೇಲೆ. ಮೊದಲು ಧರೆ ಮೇಲೆ ಹತ್ತಿ, ನೀರು ಎಲ್ಲಿಂದ ಬರುತ್ತಿದೆ ನೋಡಿ. ನಮ್ಮಲ್ಲಿ ಧರೆ ಜರಿಯುವುದು ಮೃಗಶಿರಾ ಮಳೆಗಲ್ಲ. ಪುನರ್ವಸು, ಪುಷ್ಯದ ಹೊತ್ತಿಗೆ ಜಲ ಎದ್ದ ಮೇಲೆ, ಅಂದರೆ ನೆಲ ನೆನೆದು ಒರತೆ ಶುರುವಾದ ಮೇಲೆ. ಮೇಲೆ ಜಂಬಿಟ್ಟಿಗೆ (ತೂತು ತೂತಾದ ಕೆಂಪು ಕಲ್ಲು), ಕೆಳಗೆ ಶೇಡಿ ಮಣ್ಣು (ಬಿಳಿಚಿದ ನುಣುಪು ಮಣ್ಣು) ಇದ್ದರಂತೂ ಜಾಸ್ತಿ ಹುಷಾರಾಗಿರಬೇಕು. ಜಂಬಿಟ್ಟಿಗೆಯ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಶೇಡಿಗೆ ಬಂದು ತಡೆಯುತ್ತದೆ. ಶೇಡಿ ನೆನೆದು ಬೆಣ್ಣೆ ಹಾಗಾದರೆ ಮೇಲಿನದು ನಿಲ್ಲುವುದು ಹೇಗೆ?

ಈಗಲೇ ಹೋಗಿ ನೋಡಿ. ಕೆಂಪು ಮುಗಿದು ಬಿಳಿ, ನಸುಹಳದಿ ಮಣ್ಣು ಶುರುವಾಗುವ ಗೆರೆ ಕಾಣುತ್ತದಾ? ಮಳೆ ಬಿಟ್ಟು ತಿಂಗಳಾದರೂ ಆ ಗೆರೆಯುದ್ದಕ್ಕೆ ಹಾವಸೆ, ಜರಿಗಿಡ ಹಸಿರಾಗಿದ್ದರೆ ನೀರು ಬಸಿಯುವುದು ಅಲ್ಲೇ. ಆ ನೀರಿಗೆ ದಾರಿ ಮಾಡಿಕೊಡಬೇಕು, ಮುಚ್ಚಬಾರದು.

ಧರೆ ಅಂಚಿನಿಂದ ಸಾಕಷ್ಟು ಹಿಂದೆ ಅಡ್ಡಕ್ಕೆ ಒಂದು ಅಗಳು (ಕಾಲುವೆ) ತೆಗೆಸಿ, ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ತಳಕ್ಕೆ ಸಿಮೆಂಟ್ ಹಾಕಲೇಬೇಕು, ಇಲ್ಲದಿದ್ದರೆ ಅಗಳೇ ನೀರು ಕುಡಿಸುತ್ತದೆ. ಇನ್ನೊಂದು. ಎಲ್ಲರೂ ಇಂಗುಗುಂಡಿ ಮಾಡಿ ಅಂತಾರೆ. ಬಯಲುಸೀಮೆಗೆ ಸರಿ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಸುರಿಯುತ್ತದೆ. ಮನೆ ಮೇಲಿನ ಗುಡ್ಡದಲ್ಲಿ ಇಂಗುಗುಂಡಿ ಬೇಡವೇ ಬೇಡ. ಶೌಚದ ಗುಂಡಿಯೂ ಅಲ್ಲಿ ಬೇಡ.

ಸಾಗರದಿಂದ: ಗೋಡೆ ವಿಷಯ ನಾನು ಹೇಳ್ತೀನಿ. ನೆಂಟರ ಮನೆಯಲ್ಲಿ ದುಡ್ಡು ಸುರಿದು ಕಟ್ಟಿಸಿದ ಗೋಡೆ ಎರಡನೇ ಮಳೆಗಾಲಕ್ಕೇ ಹೊಟ್ಟೆ ಬಿಟ್ಟಿತು. ಕಂಟ್ರಾಕ್ಟರ್ ಒಂದು ತೂತೂ ಬಿಟ್ಟಿರಲಿಲ್ಲ. ಹಿಂದೆ ತುಂಬಿದ್ದು ಅದೇ ಕಡಿದ ಮಣ್ಣು. ಗೋಡೆ ಮಣ್ಣಿನ ಭಾರ ತಡೆದೀತು, ಹಿಂದೆ ನಿಂತ ನೀರಿನ ಒತ್ತಡ ಸೇರಿದರೆ ತಡೆಯಲ್ಲ. ಗೋಡೆ ಹಿಂದೆ ಅಡಿ ದಪ್ಪ ಜಲ್ಲಿ ತುಂಬಿಸಿ, ಮೂರಿಂಚಿನ ಪಿವಿಸಿ ಪೈಪು ಹೊರಗೆ ಇಳಿಜಾರಾಗಿ ಇಡಿಸಿ. ಪೈಪಿನ ಒಳಬಾಯಿಗೆ ಬಲೆ ಕಟ್ಟದಿದ್ದರೆ ಮಣ್ಣು ತುಂಬಿ ಮುಚ್ಚುತ್ತದೆ. ಎತ್ತರ ಕಮ್ಮಿ ಇದ್ದರೆ ಹಳೇ ಕಾಲದ ಒಣಕಲ್ಲಿನ ಕಟ್ಟೆಯೇ ವಾಸಿ, ನೀರು ಸಂದಿಯಲ್ಲಿ ತಾನೇ ಹೊರಬರುತ್ತದೆ. ಹದಿನೈದು ಅಡಿಗೆ ಮಾತ್ರ ಎಂಜಿನಿಯರ್ ನೋಡದೆ ಕೈ ಹಾಕಬೇಡಿ.

ಕೊಪ್ಪದಿಂದ: ನೆಟ್ಟಗೆ ಕಡಿದ ಧರೆಗೆ ಲಾವಂಚ ಚುಚ್ಚಿ ಪ್ರಯೋಜನ ಇಲ್ಲ. ಜಾಗ ಇದ್ದರೆ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ. ಮೆಟ್ಟಿಲಿನ ಅಂಚಿಗೆ ಜೂನ್ ಮೊದಲಲ್ಲೇ ಗೇಣಿಗಿಂತ ಹತ್ತಿರ ಹತ್ತಿರ ಸಾಲು ನೆಡಿ. ಬೇರು ಎರಡು ಮೂರು ಮೀಟರ್ ಇಳಿಯುತ್ತದೆ, ಮೇಲ್ಮಣ್ಣು ಕೊಚ್ಚುವುದು ನಿಲ್ಲುತ್ತದೆ. ಅದಕ್ಕಿಂತ ಆಳದಲ್ಲಿ ಜಾರಿದರೆ ಲಾವಂಚ ಸಮೇತ ಬರುತ್ತದೆ, ಅಷ್ಟೇ. ಅಂಚಿನಲ್ಲಿ ಅಕೇಶಿಯಾ ಇದ್ದರೆ ಕಡಿಯಿರಿ, ಗಾಳಿಗೆ ಅಲ್ಲಾಡಿ ಬಿರುಕು ಬಿಡಿಸುತ್ತದೆ. ಬುಡ ಕೀಳಬೇಡಿ.

ಪ್ರಶ್ನೆ ಕೇಳಿದವರು: ಧರೆ ಮೇಲಿನ ಜಾಗ ಪಕ್ಕದವರದ್ದು. ಅವರ ತೋಟದ ಬಸಿಗಾಲುವೆ ನಮ್ಮ ಕಡೆಗೇ ಮುಗಿಯುತ್ತದೆ!

ಹೊಸನಗರದಿಂದ: ಹಾಗಾದರೆ ಅರ್ಧ ಉತ್ತರ ಸಿಕ್ಕಿತಲ್ಲ. ಜಗಳಕ್ಕೆ ಹೋಗಬೇಡಿ. ಒಂದು ಮಳೆ ದಿನ ಅವರನ್ನೇ ಕರೆದು ತೋರಿಸಿ. ಧರೆ ಜರಿದರೆ ಮೊದಲು ಹೋಗುವುದು ಅವರ ಅಡಿಕೆ ಮರವೇ. ಕಾಲುವೆ ತಿರುಗಿಸುವ ಖರ್ಚು ನೀವೇ ಹಾಕಿಕೊಂಡರೂ ಗೋಡೆಗಿಂತ ಸೋವಿ.

ಈ ಮಳೆಗಾಲಕ್ಕೆ ಇಷ್ಟು ಮಾಡಿ. ಧರೆ ಮೇಲೆ ಬಿರುಕು ಬಿಟ್ಟಿದ್ದರೆ ಅದಕ್ಕೆ ಮಣ್ಣು ಗಿಡಿದು ಟಾರ್ಪಾಲು ಹೊದಿಸಿ. ಬಿರುಕಿನ ಆಚೆ ಈಚೆ ಒಂದೊಂದು ಗೂಟ ಹೊಡೆದು ನಡುವಿನ ಅಳತೆ ಬರೆದಿಡಿ, ಜೋರು ಮಳೆಯಲ್ಲಿ ದಿನಾ ಅಳೆಯಿರಿ. ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದು ಬೇಡ. ಗೂಟ ದೂರವಾದರೆ, ತಿಳಿಯಾಗಿದ್ದ ಒರತೆ ದಿಢೀರನೆ ಕೆಂಪಾದರೆ ಅಥವಾ ನಿಂತುಹೋದರೆ ರಾತ್ರಿಯಾದರೂ ಮನೆ ಬಿಟ್ಟು ಹೊರಡಿ. ಆಮೇಲೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ.