ಹೊಸ ಎಟಿಆರ್ ಪೈಲಟ್, ಬೆಂಗಳೂರು ಬೇಸ್: ಮನೆ ಎಲ್ಲಿ ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪ್ರಾದೇಶಿಕ ಮಾರ್ಗಗಳ ಎಟಿಆರ್ 72 (ಸಣ್ಣ ಪ್ರೊಪೆಲ್ಲರ್ ವಿಮಾನ) ಹಾರಸಾಕ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿ ಆಯ್ಕೆ ಆಗೇನಿ. ಬೇಸ್ (ಡ್ಯೂಟಿ ಶುರು ಆಗೋ ಊರು) ಬೆಂಗಳೂರು ಅಂದಾರ. ಊರು ಧಾರವಾಡ, ಅಪ್ಪ ಅವ್ವ ಅಲ್ಲೇ ಇದ್ದಾರ. ಮೂರು ದಾರಿ ಕಾಣಸ್ತಾವ: ದೇವನಹಳ್ಳಿಯೊಳಗ ಏರ್‌ಪೋರ್ಟ್ ಹತ್ರ ಬಾಡಿಗೆ ಮನೆ, ಜಯನಗರದಾಗ ಅಣ್ಣನ ಮನೆ (ಬಾಡಿಗೆ ಇಲ್ಲ), ಇಲ್ಲಾ ಧಾರವಾಡದಾಗ ಇದ್ದು ಡ್ಯೂಟಿಗೆ ಬಂದು ಹೋಗೋದು. ಯಾವುದು ಛಲೋ? ತಿಳಿದವರು ಹೇಳ್ರಿ.

ಎಟಿಆರ್ ಕ್ಯಾಪ್ಟನ್

ಅಭಿನಂದನೆಗಳು. ಈಗಲೇ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಆಯ್ಕೆ ಪತ್ರದಲ್ಲಿ ಬರೆದ ಬೇಸ್ ಕೊನೆಯವರೆಗೂ ಹಾಗೇ ಇರುತ್ತದೆ ಎಂದು ನಂಬುವಂತಿಲ್ಲ. ಗ್ರೌಂಡ್ ಕ್ಲಾಸ್, ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ), ಸಿಮ್ಯುಲೇಟರ್, ಲೈನ್ ಟ್ರೈನಿಂಗ್ (ಪ್ರಯಾಣಿಕರಿರುವ ಹಾರಾಟಗಳಲ್ಲಿ ತರಬೇತಿ), ರಿಲೀಸ್ ಚೆಕ್ (ತರಬೇತಿ ಮುಗಿಸಿ ಡ್ಯೂಟಿಗೆ ಬಿಡುವ ಪರೀಕ್ಷೆ) ಎಲ್ಲ ಮುಗಿಯಲು ತಿಂಗಳುಗಳೇ ಬೇಕು. ಸಿಮ್ಯುಲೇಟರ್ ಬೇರೆ ಊರಲ್ಲಿರಬಹುದು. ಲೈನ್ ಟ್ರೈನಿಂಗ್‌ಗೆ ಟ್ರೈನಿಂಗ್ ಕ್ಯಾಪ್ಟನ್‌ಗಳು ಇರುವ ಬೇಸಿಗೆ ಕಳಿಸಬಹುದು. ಅಲ್ಲಿಯವರೆಗೆ ಅಣ್ಣನ ಮನೆ ಸಾಕು. ರಿಲೀಸ್ ಆಗಿ, ಬೇಸ್ ಲಿಖಿತವಾಗಿ ಕೈಗೆ ಬಂದ ಮೇಲೆ ಮನೆ ಹುಡುಕಿ.

ಎಟಿಆರ್ ರೋಸ್ಟರ್‌ಗೂ ಜೆಟ್ ರೋಸ್ಟರ್‌ಗೂ ವ್ಯತ್ಯಾಸವಿದೆ. ದಿನಕ್ಕೆ ನಾಲ್ಕು ಸೆಕ್ಟರ್ (ಒಂದೊಂದು ಹಾರಾಟ), ಕೆಲವು ದಿನ ಅದಕ್ಕಿಂತ ಹೆಚ್ಚು. ಹುಬ್ಬಳ್ಳಿಗೆ ಹೋಗಿ ಬಂದು, ಶಿವಮೊಗ್ಗಕ್ಕೆ ಹೋಗಿ ಬಂದು, ಅದೇ ರಾತ್ರಿ ಮನೆ. ಹೊರ ಊರಿನ ಹೋಟೆಲ್ ರಾತ್ರಿಗಳು ಕಡಿಮೆ, ಹಾಗಾಗಿ ನಾಳೆಯ ಹಾರಾಟಕ್ಕೆ ಬೇಕಾದ ನಿದ್ದೆಯಷ್ಟೂ ನಿಮ್ಮ ಮನೆಯಲ್ಲೇ ಆಗಬೇಕು. ಮನೆ ಆರಿಸುವಾಗ ಇದೊಂದನ್ನೇ ಅಳತೆಗೋಲು ಮಾಡಿಕೊಳ್ಳಿ.

ಲೆಕ್ಕ ಹೀಗಿದೆ. ಬೆಳಗ್ಗೆ 6ಕ್ಕೆ ವಿಮಾನ, 5ಕ್ಕೆ ರಿಪೋರ್ಟಿಂಗ್. ಜಯನಗರದಿಂದ ಸುಮಾರು 40 ಕಿ.ಮೀ. ರಸ್ತೆ ಖಾಲಿ ಇದ್ದರೂ 3:45ಕ್ಕೆ ಹೊರಡಬೇಕು, 3ಕ್ಕೆ ಏಳಬೇಕು. ಎಂಟು ಗಂಟೆ ನಿದ್ದೆಗೆ ಸಂಜೆ 7ಕ್ಕೆ ಮಲಗಬೇಕು. ಅಣ್ಣನ ಮನೆಯಲ್ಲಿ ಮಕ್ಕಳಿದ್ದರೆ ಸಂಜೆ 7ಕ್ಕೆ ಸದ್ದು ಮಾಡಬೇಡಿ ಎಂದು ದಿನಾ ಹೇಳಲು ಆಗುತ್ತದೆಯೇ? ಏರ್‌ಪೋರ್ಟ್ ದಾರಿಯ ಯಲಹಂಕ ನ್ಯೂ ಟೌನ್‌ನಿಂದಾದರೆ 4:20ಕ್ಕೆ ಹೊರಟರೆ ಸಾಕು. ಒಂದು ದಿನಕ್ಕೆ 35 ನಿಮಿಷ ಸಣ್ಣದೆನಿಸುತ್ತದೆ. ನಾಲ್ಕು ದಿನ ಸತತ ಬೆಳಗಿನ ಡ್ಯೂಟಿ ಬಿದ್ದರೆ ಅದೇ ಎರಡು ಗಂಟೆ ಇಪ್ಪತ್ತು ನಿಮಿಷದ ನಿದ್ದೆ.

ಕ್ರೂ ಶೆಡ್ಯೂಲಿಂಗ್ ಬಲ್ಲವರು

ಕ್ಯಾಪ್ಟನ್ ಹೇಳಿದ ಬೆಳಗಿನ ಲೆಕ್ಕಕ್ಕಿಂತ ಸ್ಟ್ಯಾಂಡ್‌ಬೈ (ಕರೆ ಬಂದರೆ ಹೊರಡಲು ಸಿದ್ಧವಾಗಿರುವ ಡ್ಯೂಟಿ) ಲೆಕ್ಕ ಕಠಿಣ. ಬೆಳಗಿನ ಜಾವ ರಸ್ತೆ ಎಲ್ಲರಿಗೂ ಖಾಲಿ. ಸಂಜೆ 5:30ಕ್ಕೆ ಫೋನ್ ಬಂದಾಗ ಹೆಬ್ಬಾಳ ಫ್ಲೈಓವರ್‌ನ ಈಚೆ (ಊರಿನ ಕಡೆ) ಇದ್ದೀರೋ ಆಚೆ (ಏರ್‌ಪೋರ್ಟ್ ಕಡೆ) ಇದ್ದೀರೋ ಅನ್ನುವುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಕರೆ ಬಂದ ಎಷ್ಟು ನಿಮಿಷದಲ್ಲಿ ರಿಪೋರ್ಟ್ ಆಗಬೇಕು ಎಂಬುದು ನಿಮ್ಮ ಆಪರೇಷನ್ಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಆ ಅಂಕಿ ನೋಡಿ, ಅದರಿಂದ ಸಮವಸ್ತ್ರ ಹಾಕಿ ಹೊರಡಲು 30 ನಿಮಿಷ ಕಳೆಯಿರಿ. ಉಳಿದಷ್ಟರಲ್ಲಿ ಸಂಜೆಯ ದಟ್ಟಣೆಯಲ್ಲೂ ತಲುಪುವಂಥ ಜಾಗವೇ ನಿಮ್ಮ ಗಡಿ. ಹೊಸಬರಿಗೆ ಮೊದಲ ವರ್ಷ ಸ್ಟ್ಯಾಂಡ್‌ಬೈ ಹೆಚ್ಚೇ ಬೀಳುವುದುಂಟು.

ಧಾರವಾಡದಿಂದ ಓಡಾಡುವ ವಿಚಾರ ಬಿಟ್ಟುಬಿಡಿ. ಸ್ಟಾಫ್ ಟಿಕೆಟ್ ಸೀಟು ಖಾಲಿ ಇದ್ದರೆ ಮಾತ್ರ. ಎಟಿಆರ್‌ನಲ್ಲಿ ಇರುವುದೇ 70–78 ಸೀಟು, ತೂಕದ ಮಿತಿ ಬಂದ ದಿನ ಮೊದಲು ಇಳಿಸುವುದು ಸ್ಟಾಫ್ ಪ್ರಯಾಣಿಕರನ್ನೇ. ರಾತ್ರಿ ರೈಲಿನ ಬರ್ತ್‌ನಲ್ಲಿ ಮಲಗಿ ಬಂದದ್ದನ್ನು ವಿಶ್ರಾಂತಿ ಎನ್ನಲಾಗದು. 2009ರ ಫೆಬ್ರುವರಿ 12ರಂದು ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ 3407 ವಿಮಾನ ಬಿದ್ದು 50 ಜನ ಸತ್ತರು. ನ್ಯೂವರ್ಕ್ ಬೇಸಿನ ಆ ಫಸ್ಟ್ ಆಫೀಸರ್ ವಾಸವಿದ್ದದ್ದು ದೇಶದ ಇನ್ನೊಂದು ತುದಿಯ ಸಿಯಾಟಲ್ ಕಡೆ. ಹಿಂದಿನ ರಾತ್ರಿಯಿಡೀ ಪ್ರಯಾಣಿಸಿ ಬೇಸಿಗೆ ಬಂದಿದ್ದರು. ಅಪಘಾತಕ್ಕೆ ಮುಖ್ಯ ಕಾರಣ ಸ್ಟಾಲ್ (ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು. ಆದರೂ ಇಬ್ಬರ ಮೇಲೂ ದಣಿವಿನ ಪರಿಣಾಮ ಇದ್ದಿರಬಹುದು ಎಂದು ತನಿಖೆ ಹೇಳಿತು. ಪೈಲಟ್‌ಗಳು ಎಲ್ಲಿ ವಾಸಿಸುತ್ತಾರೆ, ಹೇಗೆ ಬೇಸಿಗೆ ಬರುತ್ತಾರೆ ಎಂಬ ಚರ್ಚೆ ಜೋರಾದದ್ದು ಅದರ ನಂತರ.

ಊರಿಗೆ ಹೋಗಲು ವಾರದ ವಿಶ್ರಾಂತಿ ಇದೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ಹೊಸ ನಿಯಮದಲ್ಲಿ ಅದನ್ನು 36ರಿಂದ 48 ಗಂಟೆಗೆ ಏರಿಸಿದೆ. ವಂದೇ ಭಾರತ್‌ನಲ್ಲಿ ಧಾರವಾಡ ಸುಮಾರು ಆರೂವರೆ ಗಂಟೆ, ಬರುವಾಗ ಯಶವಂತಪುರದಲ್ಲೇ ಇಳಿದರೆ ಯಲಹಂಕ ಕಡೆಯವರಿಗೆ ಹತ್ತಿರ. ಡ್ಯೂಟಿಗೆ ಮುಂಚಿನ ರಾತ್ರಿ ಮಾತ್ರ ಬೆಂಗಳೂರಿನ ಹಾಸಿಗೆಯಲ್ಲೇ ಇರಬೇಕು.

ಪ್ರಶ್ನೆ ಕೇಳಿದವರು

ಕಂಪನಿಯವರೇ ಪಿಕಪ್ ಕೊಡ್ತಾರಂತ. ಹಂಗಾದರ ಜಯನಗರ ದೂರ ಅನ್ನೋದು ಅಷ್ಟು ಮುಖ್ಯ ಏನು?

ಕ್ರೂ ಶೆಡ್ಯೂಲಿಂಗ್ ಬಲ್ಲವರು

ಹೌದು, ಇನ್ನೂ ಮುಖ್ಯ. ಎರಡು ಪ್ರಶ್ನೆ ಕೇಳಿ: ಪಿಕಪ್‌ಗೆ ಎಷ್ಟು ಕಿ.ಮೀ. ಗಡಿ ಇದೆ, ಕ್ಯಾಬ್ ಒಬ್ಬರಿಗೋ ಇಬ್ಬರು ಮೂವರಿಗೋ? ಒಂದೇ ಕ್ಯಾಬ್‌ನಲ್ಲಿ ಹಲವರನ್ನು ಹತ್ತಿಸಿಕೊಳ್ಳುವುದಾದರೆ ಅತಿ ದೂರದವರನ್ನು ಮೊದಲು ಎಬ್ಬಿಸುತ್ತಾರೆ, ಕೊನೆಗೆ ಇಳಿಸುತ್ತಾರೆ. ಎರಡೂ ಕಡೆ ಅರ್ಧ ಗಂಟೆ ಸೇರಿಸಿಕೊಳ್ಳಿ.

ಯಲಹಂಕ ಕಡೆಯವರು

ಜಾಗಗಳ ಬಗ್ಗೆ. ದೇವನಹಳ್ಳಿ ಪಟ್ಟಣ ಅತಿ ಹತ್ತಿರ, ಆದರೆ ಹೊಸ ಬಡಾವಣೆಗಳಲ್ಲಿ ನೀರು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡೇ. 2024ರ ಬೇಸಿಗೆಯ ನೀರಿನ ಕೊರತೆ ನೆನಪಿರಲಿ. ಟ್ಯಾಂಕರ್ ಖರ್ಚು ಮೇಂಟೆನೆನ್ಸ್‌ನಲ್ಲಿ ಸೇರಿದೆಯೋ ಬೇರೆಯೋ ಕೇಳಿ. ಯಲಹಂಕ ನ್ಯೂ ಟೌನ್‌ನಲ್ಲಿ ಕಾವೇರಿ ನೀರು, ಆಸ್ಪತ್ರೆ, ತರಕಾರಿ, ರಾತ್ರಿ ತಡವಾಗಿ ಊಟ ಎಲ್ಲ ಸಿಗುತ್ತದೆ. ಒಂಟಿ ಹುಡುಗರಿಗೆ ನನ್ನ ಮೊದಲ ಶಿಫಾರಸು ಅದೇ. ಯಲಹಂಕ ವಾಯುನೆಲೆಯ ಹತ್ತಿರದ ಬೀದಿಗಳಲ್ಲಿ ಹಗಲು ವಿಮಾನದ ಸದ್ದಿರುತ್ತದೆ, ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಸಮಯದಲ್ಲಂತೂ ವಿಪರೀತ. ಸಹಕಾರ ನಗರ, ಕೊಡಿಗೇಹಳ್ಳಿ ಕೂಡ ಹೆಬ್ಬಾಳದಿಂದ ಆಚೆಗೇ ಬರುತ್ತವೆ, ಬಾಡಿಗೆ ಸ್ವಲ್ಪ ಜಾಸ್ತಿ. ಹೆಣ್ಣೂರು–ಬಾಗಲೂರು ರಸ್ತೆ ಹಿಡಿದರೆ ಸಾದಹಳ್ಳಿ ಟೋಲ್ ತಪ್ಪುತ್ತದೆ, ಆದರೆ ರಾತ್ರಿ ಲಾರಿ, ಹಂಪ್, ಕತ್ತಲು. ನವೆಂಬರ್‌ನಿಂದ ಫೆಬ್ರುವರಿವರೆಗೆ ಊರಲ್ಲಿ ಶುಭ್ರವಿದ್ದರೂ ಚಿಕ್ಕಜಾಲ ದಾಟಿದರೆ ಮಂಜು ಇರಬಹುದು. ಆ ದಿನಗಳಲ್ಲಿ 15 ನಿಮಿಷ ಮುಂಚೆ ಹೊರಡಿ. ಮೆಟ್ರೊ ನಂಬಿ ಮನೆ ಹಿಡಿಯಬೇಡಿ, ಅದು ಬಂದರೂ ಬೆಳಗಿನ 4ಕ್ಕೆ ಓಡುವುದಿಲ್ಲ. ವಾಯುವಜ್ರ ಬಸ್ ರಾತ್ರಿಯೂ ಇದೆ, ಕ್ಯಾಬ್ ಕೈಕೊಟ್ಟಾಗ ಉಪಯೋಗ.

ಎಟಿಆರ್ ಕ್ಯಾಪ್ಟನ್

ಮನೆಯನ್ನು ಭಾನುವಾರ ಬೆಳಗ್ಗೆ ನೋಡಿ ಒಪ್ಪಬೇಡಿ. ಮಧ್ಯಾಹ್ನ 2ಕ್ಕೆ ಹೋಗಿ ನೋಡಿ, ಸಂಜೆ 7ಕ್ಕೆ ನೋಡಿ, ಆದರೆ ಬೆಳಗಿನ 3ಕ್ಕೂ ಬೀದಿಯಲ್ಲಿ ಹತ್ತು ನಿಮಿಷ ನಿಲ್ಲಿ. ನಾಯಿ, ಧ್ವನಿವರ್ಧಕ, ಪಕ್ಕದ ಖಾಲಿ ಸೈಟಿನಲ್ಲಿ ಶುರುವಾಗಲಿರುವ ಕಟ್ಟಡ, ಬಾಲ್ಕನಿ ಕೆಳಗಿನ ಜನರೇಟರ್ ಇವೆಲ್ಲ ಆಗ ಗೊತ್ತಾಗುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಮೇಲಿನ ಮಹಡಿಯ ಕೋಣೆಯಲ್ಲಿ ಏಪ್ರಿಲ್ ಸಂಜೆ 7ಕ್ಕೆ ನಿದ್ದೆ ಬರದು, ಗೋಡೆ ಇನ್ನೂ ಕಾದಿರುತ್ತದೆ. ಮಲಗುವ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಮೊಬೈಲ್ ಸಿಗ್ನಲ್ ನೋಡಿ. ಸ್ಟ್ಯಾಂಡ್‌ಬೈ ಕರೆ ತಪ್ಪಿದರೆ ನೆಟ್‌ವರ್ಕ್ ಇರಲಿಲ್ಲ ಎಂಬ ಉತ್ತರ ನಡೆಯದು. ಮನೆ ಹಂಚಿಕೊಳ್ಳುವುದಾದರೆ ಕ್ರೂ ಜೊತೆಯೇ ಒಳ್ಳೆಯದು, ಪ್ರತಿಯೊಬ್ಬರಿಗೂ ಬೇರೆ ಕೋಣೆ ಇರಬೇಕು.

ಬಾಡಿಗೆ ಕರಾರು ಬಲ್ಲವರು

11 ತಿಂಗಳ ಕರಾರು ಸಾಮಾನ್ಯ. ಅದರಲ್ಲಿ ಲಾಕ್-ಇನ್ ಅವಧಿ (ಮನೆ ಬಿಡುವಂತಿಲ್ಲದ ಅವಧಿ) ಇದ್ದರೆ ತೆಗೆಸಿ, ಇಲ್ಲವೇ ಬೇಸ್ ಬದಲಾವಣೆಯ ಪತ್ರ ತೋರಿಸಿದರೆ ಒಂದು ತಿಂಗಳ ನೋಟಿಸ್‌ಗೆ ಬಿಡಬಹುದು ಎಂದು ಬರೆಸಿ. ಬಾಯಿಮಾತು ಸಾಲದು. ಅಡ್ವಾನ್ಸ್ ಎಷ್ಟು ತಿಂಗಳದ್ದು, ಖಾಲಿ ಮಾಡಿದ ಎಷ್ಟು ದಿನಕ್ಕೆ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅಂಕಿಯಲ್ಲೇ ಬರೆಸಿ. ದೊಡ್ಡ ಮೊತ್ತ ಲೀಸ್‌ಗೆ ಹಾಕುವುದು ಹೊಸ ಪೈಲಟ್‌ಗೆ ಬೇಡವೇ ಬೇಡ, ನಾಳೆ ಹೈದರಾಬಾದ್ ಬೇಸ್ ಆದರೆ ಹಣ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಅಪಾರ್ಟ್‌ಮೆಂಟ್ ಆದರೆ ರಾತ್ರಿ 3ಕ್ಕೆ ಕ್ಯಾಬ್ ಒಳಗೆ ಬಿಡುತ್ತಾರೆಯೇ ಎಂದು ಸೆಕ್ಯುರಿಟಿಯವರನ್ನೇ ಕೇಳಿ. ಮಾಲೀಕರಿಗೆ ಆ ವಿಷಯ ಗೊತ್ತಿರುವುದಿಲ್ಲ.

ಪ್ರಶ್ನೆ ಕೇಳಿದವರು

ತಿಳೀತು. ರಿಲೀಸ್ ಆಗೋತನಕ ಅಣ್ಣನ ಮನೆ, ಆಮೇಲೆ ಯಲಹಂಕ ನ್ಯೂ ಟೌನ್ ನೋಡ್ತೇನಿ. ಮ್ಯಾನ್ಯುಯಲ್ ಕೈಗೆ ಬಂದ ಕೂಡ್ಲೆ ಸ್ಟ್ಯಾಂಡ್‌ಬೈ ನಿಮಿಷ ತೆಗೆದು ನೋಡ್ತೇನಿ.