ಅಪ್‌ಡೇಟ್: ಮಗಳ ಕೈಗೆ ಮನೆಯಲ್ಲೇ ಬಯೋಫೀಡ್‌ಬ್ಯಾಕ್, ಮೂರು ತಿಂಗಳಾದ ಮೇಲೆ

ಹೆರಿಗೆ ಸಮಯದಲ್ಲಿ ಕುತ್ತಿಗೆಯಿಂದ ಕೈಗೆ ಹೋಗುವ ನರಗಳಿಗೆ ಪೆಟ್ಟಾಗಿದ್ದ ನನ್ನ 7 ವರ್ಷದ ಮಗಳಿಗೆ ಬಯೋಫೀಡ್‌ಬ್ಯಾಕ್ (ಚರ್ಮಕ್ಕೆ ಪ್ಯಾಡ್ ಅಂಟಿಸಿ, ಸ್ನಾಯುವಿನ ಕೆಲಸವನ್ನು ಸ್ಕ್ರೀನಿನಲ್ಲಿ ನೋಡುತ್ತಾ ಮಾಡುವ ಅಭ್ಯಾಸ) ಮನೆಯಲ್ಲೇ ಮಾಡಿಸಬಹುದಾ ಅಂತ ಇಲ್ಲಿ ಕೇಳಿದ್ದೆ. ಫಿಸಿಯೋಥೆರಪಿಸ್ಟ್ ಒಪ್ಪಿದರು, ಪ್ಯಾಡ್ ಎಲ್ಲಿ ಅಂಟಿಸಬೇಕು ಅಂತ ಪೆನ್ನಿನಲ್ಲಿ ಗುರುತು ಹಾಕಿ ತೋರಿಸಿದರು.

ನನಗೆ ಕರೆಂಟಿನ ಭಯವಿತ್ತು. ಆದರೆ ಇದು ಕರೆಂಟ್ ಕೊಡುವ ಯಂತ್ರ ಅಲ್ಲವೇ ಅಲ್ಲ. ಸ್ನಾಯು ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುತ್ತದೆ, ಅಷ್ಟೇ.

ಅವಳದ್ದು ಬರೀ ಶಕ್ತಿಯ ಸಮಸ್ಯೆ ಅಲ್ಲ. ಮೊಣಕೈ ಮಡಿಸಿದರೆ ತೋಳಿನ ಹಿಂದಿನ ಸ್ನಾಯುವೂ ಜೊತೆಗೇ ಬಿಗಿಯುತ್ತದೆ. ನರ ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೇರೆ ಸ್ನಾಯುವಿಗೆ ಸೇರಿದರೆ ಹೀಗಾಗುತ್ತದಂತೆ. ಸ್ಕ್ರೀನಿನಲ್ಲಿ ಎರಡು ಗೆರೆ: ಮೇಲಿನದು ತೋಳಿನ ಮುಂದಿನ ಸ್ನಾಯುವಿನದು, ಅದು ಏರಬೇಕು; ಕೆಳಗಿನದು ಹಿಂದಿನ ಸ್ನಾಯುವಿನದು, ಅದು ಸುಮ್ನೆ ಇರಬೇಕು. "ಅಮ್ಮಾ, ಕೆಳಗಿನ ಗೆರೆ ಮಲಗಿತು ನೋಡು!" ಅಂತ ಅವಳು ಮೊದಲ ಸಲ ಕೂಗಿದಾಗ ನನ್ನ ಕಣ್ಣು ತುಂಬಿ ಬಂತು.

ಹತ್ತು ನಿಮಿಷಕ್ಕಿಂತ ಜಾಸ್ತಿ ಮಾಡಿಸುವುದಿಲ್ಲ. ದಣಿದರೆ ಭುಜ ಎತ್ತಿ, ಮೈ ವಾಲಿಸಿ ಕೈ ಎತ್ತಲು ನೋಡುತ್ತಾಳೆ. ಚರ್ಮ ಬೆವರಿದ್ದರೆ ಪ್ಯಾಡ್ ಸಡಿಲವಾಗಿ ಗೆರೆ ಸುಮ್ಸುಮ್ನೆ ಕುಣಿಯುತ್ತದೆ, ಅದನ್ನು ಸ್ನಾಯುವಿನ ಕೆಲಸ ಅಂದುಕೊಳ್ಳಬೇಡಿ. ಸ್ಟ್ರೆಚಿಂಗ್ ಅಂತೂ ಒಂದು ದಿನವೂ ಬಿಟ್ಟಿಲ್ಲ.

ಕೈ ಇನ್ನೂ ಪೂರ್ತಿ ಮೇಲೆ ಹೋಗುವುದಿಲ್ಲ. ಆದರೆ ನಿನ್ನೆ ಬಾಚಣಿಗೆಯನ್ನು ಆ ಕೈಯಲ್ಲೇ ಹಿಡಿದು ಮುಂಗೂದಲು ಬಾಚಿಕೊಂಡಳು.