ಪದಚರ್ಚೆ: ಬೇಸ್‌ಬಾಲ್‌ನ ‘ಫಾರ್ಮ್’ಗೆ ಒಟ್ಲು ಅನ್ನಬಹುದೇ?

ಬಲ್ಲವರಲ್ಲಿ ಒಂದು ಕೇಳಿಕೆ.

ನಾನಿರುವುದು ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ. ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಊರಿನ ಬೇಸ್‌ಬಾಲ್ ತಂಡ ಡರ್ಹಮ್ ಬುಲ್ಸ್ ಬಗ್ಗೆ ಬರೆಯಲು ಹೊರಟು ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಅನುವಾದದ ಯಂತ್ರಕ್ಕೆ ಕೊಟ್ಟರೆ ಡ್ರಾಫ್ಟ್ ‘ಕರಡು’ ಆಯಿತು, ಫಾರ್ಮ್ ಸಿಸ್ಟಮ್ ‘ಕೃಷಿ ಪದ್ಧತಿ’ ಆಯಿತು. ಮೊದಲನೆಯದಕ್ಕೆ ನಕ್ಕೆ. ಎರಡನೆಯದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಡ್ರಾಫ್ಟ್ ವಿಷಯ ಬೇಗ ಮುಗಿಸುತ್ತೇನೆ. ಐಪಿಎಲ್ ಗುಂಗಿನಲ್ಲಿ ಇದನ್ನೂ ‘ಹರಾಜು’ ಅನ್ನುವವರಿದ್ದಾರೆ. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಹೈಸ್ಕೂಲು, ಕಾಲೇಜಿನ ಹುಡುಗರನ್ನು ಮೇಜರ್ ಲೀಗ್ ಎಂಬ ಮೇಲಿನ ಹಂತದ 30 ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ, 20 ಸುತ್ತು. ಹಿಂದಿನ ವರ್ಷ ಸೋತು ಸುಣ್ಣವಾದವರಿಗೆ ಸರದಿ ಮೊದಲು. ಆದರೆ ಮೊದಲ 6 ಸ್ಥಾನಕ್ಕೆ ಈಗ ಲಾಟರಿ ಎತ್ತುತ್ತಾರೆ. ಡ್ರಾಫ್ಟ್ ಶುರುವಾದ 1965ಕ್ಕೆ ಮುಂಚೆ ಹೆಚ್ಚು ದುಡ್ಡು ಸುರಿದವರಿಗೆ ಹುಡುಗ ಸಿಗುತ್ತಿದ್ದ. ‘ಸರದಿ ಆಯ್ಕೆ’ ಸಾಕಲ್ಲವೇ?

ತೊಡಕಿರುವುದು ಫಾರ್ಮ್‌ನಲ್ಲಿ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ, ಪಳಗಿದ ಆಟಗಾರರನ್ನು ಸಿರಿವಂತ ತಂಡಗಳ ಪೈಪೋಟಿಯಲ್ಲಿ ಕೊಳ್ಳಲಾಗದೆ, ಸಣ್ಣ ಊರುಗಳ ತಂಡಗಳನ್ನೇ ಹಿಡಿದು ಹುಡುಗರನ್ನು ಅಲ್ಲಿ ಬೆಳೆಸಿದ. ಈಗ ಒಂದೊಂದು ದೊಡ್ಡ ತಂಡಕ್ಕೂ ಕೆಳಗಿನಿಂದ ಮೇಲಕ್ಕೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂದು ಮೆಟ್ಟಿಲುಗಳಿವೆ. ನಮ್ಮ ಬುಲ್ಸ್, ಮೇಜರ್ ಲೀಗ್‌ನ ಟ್ಯಾಂಪಾ ಬೇ ರೇಸ್ ತಂಡದ ಟ್ರಿಪಲ್-ಎ.

ಇದು ಮಂಡ್ಯದ ನಮ್ಮಜ್ಜಿ ಹೇಳುತ್ತಿದ್ದ ‘ಒಟ್ಲು’ ಅಲ್ಲವೇ? ಮೂಲೆಯ ಮಡಿಯಲ್ಲಿ ಒತ್ತಾಗಿ ಪೈರು ಬೆಳೆಸಿ, ಹದ ನೋಡಿ ಕಿತ್ತು, ಗದ್ದೆಗೆ ನಾಟಿ ಹಾಕುವುದು. ಆದರೆ ಎರಡು ಕಡೆ ಕಾಲು ಎಡವುತ್ತದೆ. ಒಟ್ಲೂ ಗದ್ದೆಯೂ ಒಬ್ಬನದೇ. ಇಲ್ಲಿ ಮೈದಾನದ ಉಸ್ತುವಾರಿ, ಟಿಕೆಟ್ಟು ಸ್ಥಳೀಯ ಮಾಲೀಕರದು, ಹುಡುಗರ ಸಂಬಳ ಮತ್ತು ಕೋಚ್‌ಗಳು ರೇಸ್‌ನವರದು. ಪರರ ಕೊಟ್ಟಿಗೆಯಲ್ಲಿ ಸಾಕಲು ಬಿಟ್ಟ ಕರುವಿನ ಹಾಗೆ. ಎರಡನೆಯದಾಗಿ, ನಾಟಿಯಾದ ಪೈರು ಮತ್ತೆ ಒಟ್ಲಿಗೆ ಬರುವುದಿಲ್ಲ. ಇಲ್ಲಿ ಮೇಲೆ ಹೋದವನು ಹದಿನೈದೇ ದಿನಕ್ಕೆ ಹಿಂದಿರುಗಬಹುದು. ಅದಕ್ಕೆ ‘ಹಿಂಬಡ್ತಿ’ ಅಂದರೆ ಕಚೇರಿಯ ಶಿಸ್ತುಕ್ರಮದ ವಾಸನೆ. ‘ಕೆಳಗೆ ಕಳಿಸಿದರು’ ಅಂತಲೇ ಬರೆದಿದ್ದೇನೆ.

ಇನ್ನು ಪ್ರಾಸ್ಪೆಕ್ಟ್, ಅಂದರೆ ಮುಂದೆ ದೊಡ್ಡ ತಂಡಕ್ಕೆ ಏರಿಯಾನು ಎಂಬ ನಿರೀಕ್ಷೆಯ ಆಟಗಾರ. ಪತ್ರಿಕೆಗಳ ‘ಉದಯೋನ್ಮುಖ’ ನನಗೆ ಒಗ್ಗುವುದಿಲ್ಲ. ಬುಲ್ಸ್ ಮೈದಾನದ ಎಡಗಡೆಯ ನೀಲಿ ಗೋಡೆಯ ಮೇಲೆ ದೊಡ್ಡ ಹೋರಿಯ ಫಲಕವಿದೆ: ಹೊಡೆದ ಚೆಂಡು ಹೋರಿಗೆ ತಾಗಿದರೆ ಬಹುಮಾನವಾಗಿ ಸ್ಟೇಕು, ಹುಲ್ಲಿಗೆ ತಾಗಿದರೆ ಸಲಾಡು. ತವರಿನವರು ಹೋಮ್ ರನ್ ಹೊಡೆದರೆ ಹೋರಿಯ ಕಣ್ಣು ಕೆಂಪಗೆ ಹೊತ್ತಿಕೊಂಡು, ಮೂಗಿನಿಂದ ಹೊಗೆ ಬರುತ್ತದೆ. ಅದರಡಿ ಮೂವತ್ತರ ಹತ್ತಿರದ ಆಟಗಾರರು ಇನ್ನೂ ಕರೆಗೆ ಕಾಯುತ್ತ ನಿಂತಿರುತ್ತಾರೆ. ಎಲ್ಲಿಯ ಉದಯ? ‘ಬೆಳೆಯುವ ಸಿರಿ ಮೊಳಕೆಯಲ್ಲೇ’ ಅನ್ನುವ ಗಾದೆಯೂ ಇಲ್ಲಿ ನಡೆಯದು: 1988ರಲ್ಲಿ ಡಾಡ್ಜರ್ಸ್ 62ನೇ ಸುತ್ತಿನಲ್ಲಿ ಎತ್ತಿಕೊಂಡ ಮೈಕ್ ಪಿಯಾಝಾ 2016ರಲ್ಲಿ ಬೇಸ್‌ಬಾಲ್ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದ. ನನಗೆ ಹೊಳೆದದ್ದು ‘ಮಿಡಿ’. ಮಾವಿನ ಮಿಡಿ ಉದುರುವುದೇ ಹೆಚ್ಚು, ಯಾವುದು ನಿಲ್ಲುತ್ತದೋ ಮರಕ್ಕೂ ಗೊತ್ತಿಲ್ಲ. ಉಪ್ಪಿನಕಾಯಿಯೇ ನೆನಪಾಗುತ್ತದೆ ಎಂದು ಮನೆಯವಳ ತಕರಾರು.

‘ಒಟ್ಲು’ ಉತ್ತರ ಕರ್ನಾಟಕದವರಿಗೆ ತಿಳಿಯುತ್ತದೆಯೇ? ಕರಾವಳಿಯ ‘ಅಗೆ’ ಚೆಂದವೇ, ಆದರೆ ಮೈಸೂರಿನವರು ‘ಅಗಿ’ ಎಂದು ಓದಿಯಾರು. ‘ಸಸಿಮಡಿ’ ಎಲ್ಲರಿಗೂ ಗೊತ್ತು, ಕೃಷಿ ಇಲಾಖೆಯ ಕರಪತ್ರದಂತೆ ಕೇಳಿಸುತ್ತದೆ ಅಷ್ಟೇ. ಸಂಚಿಕೆ ಅಚ್ಚಿಗೆ ಹೋಗಲು ಇನ್ನು ಹತ್ತು ದಿನವಿದೆ.